ನಲವತ್ತು ಸಾವಿರದ ಭಯ: ಡೆಂಗಿಯಲ್ಲಿ ಪ್ಲೇಟ್‌ಲೆಟ್ ಹೇಳುವುದೆಷ್ಟು, ಹೇಳದಿರುವುದೆಷ್ಟು

ಮಳೆ ಹಿಡಿದು ಹದಿನೈದು ದಿನ ಕಳೆದರೆ ಸಾಕು, ಬಳ್ಳಾರಿ, ರಾಯಚೂರು, ಕೊಪ್ಪಳದ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದೇ ಧಾಟಿಯ ಸಂದೇಶಗಳು ಓಡಾಡತೊಡಗುತ್ತವೆ. ‘ಡೆಂಗಿ ರೋಗಿಗೆ ತುರ್ತಾಗಿ ಪ್ಲೇಟ್‌ಲೆಟ್ ಬೇಕಾಗಿದೆ, ದಯವಿಟ್ಟು ಶೇರ್ ಮಾಡಿ.’ ಅದೇ ವಾರ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ: ಡೆಂಗಿ ಬಂದವರಿಗೆಲ್ಲ ಪ್ಲೇಟ್‌ಲೆಟ್ ಹಾಕಬೇಕಿಲ್ಲ, ಜನ ಆತಂಕ ಪಡಬಾರದು ಎಂದು ವೈದ್ಯರ ಹೇಳಿಕೆ. ಓದುವವರಿಗೆ ತಲೆ ಕೆಡುತ್ತದೆ. ಬೇಡ ಎನ್ನುವುದಾದರೆ ಆಸ್ಪತ್ರೆಯವರೇ ತರಲು ಹೇಳಿದ್ದು ಯಾಕೆ? ಬೇಕು ಎನ್ನುವುದಾದರೆ ಈ ಹೇಳಿಕೆ ಯಾಕೆ?

ಎರಡನೆಯ ಮಾತೇ ಹೆಚ್ಚು ಸರಿ. ಆದರೆ ಅದು ಅರ್ಧಕ್ಕೆ ನಿಂತ ಮಾತು. ‘ಪ್ಲೇಟ್‌ಲೆಟ್ ಬಗ್ಗೆ ಹೆದರಬೇಡಿ’ ಎಂದವರು ‘ಹಾಗಾದರೆ ಯಾವುದಕ್ಕೆ ಹೆದರಬೇಕು’ ಎಂಬುದನ್ನು ಹೇಳದೆ ಹೋಗುತ್ತಾರೆ. ಆ ಖಾಲಿ ಜಾಗವನ್ನು ಪಪ್ಪಾಯಿ ಎಲೆ, ಕಿವಿ ಹಣ್ಣು, ಆಡಿನ ಹಾಲು ತುಂಬಿಕೊಳ್ಳುತ್ತವೆ.

ಹೆಸರಿನಲ್ಲೇ ಎಡವಟ್ಟು

ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. ‘ಬಿಳಿ ರಕ್ತಕಣ ಕಡಿಮಿ ಆಗ್ಯಾವ’ ಎಂದು ನಮ್ಮ ಕಡೆ ಹೇಳುವುದು ಬಹಳ ಸಲ ಪ್ಲೇಟ್‌ಲೆಟ್ ಬಗ್ಗೆ. ಕೆಲವೊಮ್ಮೆ ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಆದರೆ ಬಿಳಿ ರಕ್ತಕಣವೇ ಬೇರೆ, ಅದು ಸೋಂಕಿನ ವಿರುದ್ಧ ಹೋರಾಡುವ ಪೂರ್ಣ ಜೀವಕೋಶ. ಡೆಂಗಿಯಲ್ಲಿ ಅದೂ ಕಡಿಮೆಯಾಗುವುದರಿಂದ ಎರಡೂ ಒಂದೇ ಎಂಬ ತಪ್ಪು ಇನ್ನಷ್ಟು ಗಟ್ಟಿಯಾಗಿದೆ.

ಪ್ಲೇಟ್‌ಲೆಟ್‌ಗೆ ಶಾಲೆಯ ಪುಸ್ತಕದ ಹೆಸರು ಕಿರುತಟ್ಟೆ. ಹೆಸರು ಚೆನ್ನಾಗಿದೆ, ಯಾಕೆಂದರೆ ನೋಡಲು ಅದು ನಿಜಕ್ಕೂ ಚಿಕ್ಕ ತಟ್ಟೆ. ಅಗಲ 2ರಿಂದ 3 ಮೈಕ್ರಾನ್, ಅಂದರೆ ಕೆಂಪು ರಕ್ತಕಣದ ಅರ್ಧಕ್ಕಿಂತ ಕಡಿಮೆ. ಇದು ಪೂರ್ಣ ಜೀವಕೋಶವೂ ಅಲ್ಲ, ಇದರೊಳಗೆ ಕೋಶಕೇಂದ್ರ ಇರುವುದಿಲ್ಲ. ಮೂಳೆಯ ಮಜ್ಜೆಯಲ್ಲಿ ಮೆಗಾಕ್ಯಾರಿಯೊಸೈಟ್ ಎಂಬ ದೈತ್ಯ ಕೋಶಗಳಿವೆ. ಅವು ಚಾಚಿದ ತೋಳುಗಳ ತುದಿ ತುಂಡಾಗಿ ರಕ್ತಕ್ಕೆ ಉದುರುತ್ತವೆ. ಆ ತುಂಡುಗಳೇ ಪ್ಲೇಟ್‌ಲೆಟ್. ದಿನಕ್ಕೆ ಸುಮಾರು 10,000 ಕೋಟಿ ಹೊಸದಾಗಿ ಹುಟ್ಟುತ್ತವೆ. ಒಂದೊಂದರ ಆಯಸ್ಸು ಎಂಟರಿಂದ ಹತ್ತು ದಿನ. ಯಾವ ಹೊತ್ತಿನಲ್ಲಿ ನೋಡಿದರೂ ಮೂರರಲ್ಲಿ ಒಂದು ಪಾಲು ಗುಲ್ಮದಲ್ಲಿ (ಸ್ಪ್ಲೀನ್) ತಂಗಿರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇದ್ದರೆ ಸಹಜ.

ಇಲ್ಲೇ ಒಂದು ವಿಷಯ ಗಮನಿಸಿ. ಸಹಜ ಎನ್ನುವ ಪಟ್ಟಿಯೇ ಮೂರು ಪಟ್ಟು ಅಗಲವಿದೆ. ದೇಹ ಅಷ್ಟು ಧಾರಾಳವಾಗಿ ದಾಸ್ತಾನು ಇಟ್ಟುಕೊಂಡಿದೆ. ಸುಮ್ನೆ ಕೂತವರಿಗೆ ತಾನಾಗಿ ರಕ್ತಸ್ರಾವ ಆಗಬೇಕೆಂದರೆ ಈ ಸಂಖ್ಯೆ ಬಹಳ ಕೆಳಗೆ ಇಳಿಯಬೇಕು.

ಹತ್ತೊಂಬತ್ತನೇ ಗೇಟು ಮತ್ತು ಬಸಿಯುವ ಕಾಲುವೆ

ಪ್ಲೇಟ್‌ಲೆಟ್ ಮಾಡುವ ಕೆಲಸಕ್ಕೆ ನಮ್ಮ ಭಾಗದವರಿಗೆ ದೂರದ ಉದಾಹರಣೆ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು. ಗಾಯವಾದಾಗ ಪ್ಲೇಟ್‌ಲೆಟ್ ಮಾಡುವುದೂ ಇದನ್ನೇ. ರಕ್ತನಾಳ ಹರಿದ ಜಾಗದಲ್ಲಿ ಒಳಗಿನ ನಾರು ಹೊರಬೀಳುತ್ತದೆ. ಹಾದುಹೋಗುವ ಪ್ಲೇಟ್‌ಲೆಟ್ ಅದಕ್ಕೆ ಅಂಟಿಕೊಳ್ಳುತ್ತದೆ. ತಟ್ಟೆಯಂತಿದ್ದದ್ದು ಮುಳ್ಳು ಮುಳ್ಳಾಗುತ್ತದೆ, ತನ್ನೊಳಗಿನ ರಾಸಾಯನಿಕ ಬಿಟ್ಟು ಉಳಿದವನ್ನೂ ಕರೆಯುತ್ತದೆ. ಎಲ್ಲವೂ ಒತ್ತೊತ್ತಾಗಿ ನಿಂತ ಮೇಲೆ ಫೈಬ್ರಿನ್ ಎಂಬ ನೂಲಿನ ಬಲೆ ಬಿದ್ದು ಗಟ್ಟಿಯಾಗುತ್ತದೆ. ಇಟಲಿಯ ವಿಜ್ಞಾನಿ ಜೂಲಿಯೊ ಬಿಝೊಝೆರೊ 1882ರಲ್ಲೇ ಈ ಕೆಲಸವನ್ನು ಗುರುತಿಸಿ ಬರೆದಿದ್ದರು.

ಆದರೆ ತೀವ್ರ ಡೆಂಗಿಯಲ್ಲಿ ಮುಖ್ಯವಾಗಿ ಆಗುವುದು ಗೇಟು ಮುರಿಯುವುದಲ್ಲ. ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಗೋಳು ಗೊತ್ತಲ್ಲ? ಕಾಲುವೆ ಎಲ್ಲೂ ಒಡೆದಿರುವುದಿಲ್ಲ. ದಾರಿಯುದ್ದಕ್ಕೂ ನೀರು ಸೋರುತ್ತಾ, ಬಸಿಯುತ್ತಾ ಬಂದು ಮಾನ್ವಿ, ರಾಯಚೂರಿನ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಕಾಲುವೆಯ ಸಮಸ್ಯೆಗೆ ಬೇರೆ ಕಾರಣಗಳೂ ಇವೆ, ಆ ಮಾತು ಬೇರೆ. ಡೆಂಗಿಯಲ್ಲಿ ಸಣ್ಣ ಸಣ್ಣ ರಕ್ತನಾಳಗಳ ಒಳಪದರ ಸಡಿಲವಾಗುತ್ತದೆ. ಆಗ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹೊರಗೆ ಬಸಿದು ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರಿಕೊಳ್ಳುತ್ತದೆ. ರಕ್ತನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಬಿಪಿ ಬೀಳುತ್ತದೆ. ಕಿಡ್ನಿ, ಮಿದುಳು, ಲಿವರ್ ಎಲ್ಲವೂ ಟೇಲ್‌ಎಂಡ್ ರೈತರಂತೆ ನೀರಿಗೆ ಬಾಯಿ ಬಿಡುತ್ತವೆ. ಡೆಂಗಿ ಶಾಕ್ ಎನ್ನುವುದು ಇದಕ್ಕೇ. ಡೆಂಗಿ ಸಾವುಗಳಲ್ಲಿ ಮುಖ್ಯ ಕಾರಣವೂ ಇದೇ. ಜೋರು ರಕ್ತಸ್ರಾವ ಕೂಡ ಬಹಳ ಸಲ ಈ ಶಾಕ್ ಹೊತ್ತು ಮೀರಿ ಮುಂದುವರಿದ ಮೇಲೆ ಕಾಣಿಸಿಕೊಳ್ಳುತ್ತದೆ.

ಬಸಿಯುವ ಕಾಲುವೆಗೆ ಸ್ಟಾಪ್‌ಲಾಗ್ ಇಳಿಸಿದರೆ ಏನು ಪ್ರಯೋಜನ? ಪ್ಲೇಟ್‌ಲೆಟ್ ವಾದವೆಲ್ಲ ಕೊನೆಗೆ ಈ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಹಾಗಾದರೆ ಸಂಖ್ಯೆ ಇಳಿಯುವುದು ಯಾಕೆ?

ವೈರಸ್ ಪ್ಲೇಟ್‌ಲೆಟ್‌ಗಳನ್ನು ‘ತಿನ್ನುತ್ತದೆ’ ಎಂಬ ಮಾತಿದೆ. ನಡೆಯುವುದು ಅಷ್ಟು ಸರಳವಲ್ಲ. ಮೊದಲ ದಿನಗಳಲ್ಲಿ ವೈರಸ್ ಮೂಳೆಮಜ್ಜೆಯನ್ನು ಕುಗ್ಗಿಸುತ್ತದೆ, ಉತ್ಪಾದನೆ ತಗ್ಗುತ್ತದೆ. ಆಮೇಲೆ ವೈರಸ್ ವಿರುದ್ಧ ತಯಾರಾದ ಪ್ರತಿಕಾಯಗಳು ತಪ್ಪಿ ಪ್ಲೇಟ್‌ಲೆಟ್‌ಗೂ ಅಂಟುತ್ತವೆ. ಹಾಗೆ ಗುರುತು ಬಿದ್ದವನ್ನು ದೇಹದ ಕಾವಲು ಕೋಶಗಳೇ ನುಂಗಿಹಾಕುತ್ತವೆ. ಕೆಲವು ರಕ್ತನಾಳದ ಗೋಡೆಗೆ ಅಂಟಿಕೊಂಡು ಎಣಿಕೆಗೆ ಸಿಗದೆ ಹೋಗುತ್ತವೆ.

ಇದರಿಂದ ಎರಡು ಪರಿಣಾಮ. ಒಂದು, ಹೊರಗಿನಿಂದ ಹಾಕಿದ ಪ್ಲೇಟ್‌ಲೆಟ್‌ಗೂ ಅದೇ ಗತಿ. ನಮ್ಮವನ್ನು ಬಿಡದ ದೇಹ ಬೇರೆಯವರ ಪ್ಲೇಟ್‌ಲೆಟ್ ಬಿಡುತ್ತದೆಯೇ? ಇನ್ನೊಂದು, ಸೋಂಕು ಇಳಿದ ಕೂಡಲೇ ಸಂಖ್ಯೆ ತಾನಾಗಿ ಏರುತ್ತದೆ. ಸಾಮಾನ್ಯವಾಗಿ ಜ್ವರ ಶುರುವಾದ ಏಳು, ಎಂಟನೇ ದಿನದ ಹೊತ್ತಿಗೆ ಈ ಏರಿಕೆ ಕಾಣುತ್ತದೆ. ಈ ಎಂಟನೇ ದಿನವನ್ನು ನೆನಪಿನಲ್ಲಿಡಿ, ಪಪ್ಪಾಯಿ ಎಲೆಯ ಬಳಿ ಮತ್ತೆ ಬರುತ್ತದೆ.

ಜ್ವರ ಬಿಟ್ಟ ದಿನವೇ ಎಚ್ಚರ

ಡೆಂಗಿಯಷ್ಟು ಮೋಸದ ಜ್ವರ ಇನ್ನೊಂದಿಲ್ಲ. ಬೇರೆ ಜ್ವರ ಬಿಟ್ಟರೆ ಗೆದ್ದಂತೆ. ಇಲ್ಲಿ ಜ್ವರ ಬಿಡುವ ಹೊತ್ತಿಗೇ, ಸುಮಾರು ಮೂರರಿಂದ ಏಳನೇ ದಿನದ ನಡುವೆ, ಬಸಿಯುವಿಕೆ ಜೋರಾಗುತ್ತದೆ. ಈ ಕಷ್ಟದ ಹೊತ್ತು 24ರಿಂದ 48 ಗಂಟೆ. ಹೆಚ್ಚಿನವರು ಏನೂ ಆಗದೆ ದಾಟುತ್ತಾರೆ. ಹಿಂದೊಮ್ಮೆ ಡೆಂಗಿ ಬಂದು, ಈಗ ಬೇರೆ ಬಗೆಯ ವೈರಸ್ ತಗುಲಿದವರಿಗೆ ಅಪಾಯ ಜಾಸ್ತಿ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇವೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೊಟ್ಟ ಎಚ್ಚರಿಕೆಯ ಲಕ್ಷಣಗಳು ಇಂದಿಗೂ ವೈದ್ಯರ ಕೈಪಿಡಿ: ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಮಂಕು ಕವಿದಂತಾಗುವುದು ಇಲ್ಲವೇ ವಿಪರೀತ ಚಡಪಡಿಕೆ, ಲಿವರ್ ಊದಿಕೊಳ್ಳುವುದು, ಹೊಟ್ಟೆ ಅಥವಾ ಎದೆಯಲ್ಲಿ ನೀರು ತುಂಬುವುದು. ಪಟ್ಟಿಯ ಕೊನೆಯಲ್ಲಿ ಪ್ಲೇಟ್‌ಲೆಟ್ ಬರುತ್ತದೆ. ಅದೂ ಒಂಟಿಯಾಗಿ ಅಲ್ಲ: ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರುತ್ತಾ, ಜೊತೆಗೆ ಪ್ಲೇಟ್‌ಲೆಟ್ ಬೇಗ ಬೇಗ ಇಳಿಯುತ್ತಿದ್ದರೆ ಮಾತ್ರ.

ಅಂದರೆ ಪ್ಲೇಟ್‌ಲೆಟ್ ಸಂಖ್ಯೆ ಕೆಲಸಕ್ಕೆ ಬಾರದ್ದು ಅಂತಲ್ಲ. ವೇಗವಾಗಿ ಇಳಿಯುತ್ತಿದ್ದರೆ ಕಷ್ಟದ ಹೊತ್ತು ಹತ್ತಿರ ಬಂತು ಎಂದು ಅದು ಹೇಳುತ್ತದೆ. ಅದು ಗಂಟೆ ಬಾರಿಸುತ್ತದೆ. ನಾವು ಗಂಟೆಗೇ ಚಿಕಿತ್ಸೆ ಕೊಡಲು ಹೊರಡುತ್ತೇವೆ.

ರಿಪೋರ್ಟಿನಲ್ಲಿ ಯಾವ ಸಾಲು ಓದಬೇಕು?

ಆಸ್ಪತ್ರೆಯ ವರಾಂಡದಲ್ಲಿ ಕೇಳಿಬರುವ ಮಾತು ಇಷ್ಟೇ. ‘ಎಷ್ಟ್ ಅದಾವ್ರೀ?’ ‘ನಲವತ್ತಕ್ಕ ಬಂದಾವ.’ ನಲವತ್ತು ಎಂದರೆ ನಲವತ್ತು ಸಾವಿರ. ಕೆಲವು ಲ್ಯಾಬ್‌ಗಳು ಅದನ್ನೇ 0.40 ಲಕ್ಷ ಎಂದು ಬರೆಯುತ್ತವೆ. ಸೊನ್ನೆ ಕಂಡ ಕೂಡಲೇ ಮನೆಯವರ ಎದೆ ಧಸಕ್ ಅನ್ನುತ್ತದೆ.

ಅದೇ ಚೀಟಿಯಲ್ಲಿ ಪಿಸಿವಿ ಅಥವಾ ಹಿಮಟೊಕ್ರಿಟ್ ಎಂಬ ಸಾಲು ಇರುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡ ಎಷ್ಟು ಎಂಬ ಲೆಕ್ಕ ಅದು. ಪ್ಲಾಸ್ಮಾ ಹೊರಗೆ ಬಸಿದರೆ ಉಳಿದ ರಕ್ತ ಮಂದವಾಗಿ ಈ ಅಂಕಿ ಏರುತ್ತದೆ. ಸಾರು ಕುದ್ದು ನೀರು ಇಂಗಿದಂತೆ. ಮೊದಲಿದ್ದದ್ದಕ್ಕಿಂತ 20% ಏರಿದರೆ ಬಸಿಯುವಿಕೆ ಗಣನೀಯ ಎಂದು ಲೆಕ್ಕ. 40 ಇದ್ದದ್ದು 48 ಆದರೆ ಅಷ್ಟು.

ಇಲ್ಲೊಂದು ಸೂಕ್ಷ್ಮ ಇದೆ, ನಮ್ಮ ಭಾಗಕ್ಕೆ ತೀರಾ ಮುಖ್ಯವಾದದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು 48% ಮಂದಿಗೆ ರಕ್ತಹೀನತೆ ಇದೆ. ಅಂಥ ಒಬ್ಬ ಹೆಣ್ಣುಮಗಳ ಪಿಸಿವಿ ಮಾಮೂಲಿಯಾಗಿ 30 ಇದೆ ಎಂದುಕೊಳ್ಳಿ. ಡೆಂಗಿ ಬಂದು 36 ಆಯಿತು. ಲೆಕ್ಕಕ್ಕೆ ಇದು ಸರಿಯಾಗಿ 20% ಏರಿಕೆ, ಬಸಿಯುವಿಕೆ ಶುರುವಾಗಿದೆ. ಆದರೆ ಲ್ಯಾಬಿನ ಚೀಟಿಯಲ್ಲಿ 36ರ ಎದುರು ಏರಿಕೆಯ ಗುರುತು ಬೀಳುವುದಿಲ್ಲ. ಮಾಮೂಲಿ ಮಿತಿಯ ಆಚೀಚೆ ಎನ್ನುವಂತೆ ಕಾಣುತ್ತದೆ. ಮೊದಲ ದಿನದ ರಿಪೋರ್ಟು ಕೈಯಲ್ಲಿ ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಜ್ವರದ ಎರಡನೇ, ಮೂರನೇ ದಿನ ಮಾಡಿಸಿದ ಸಿಬಿಸಿ (ರಕ್ತಕಣಗಳ ಎಣಿಕೆ) ಚೀಟಿಯನ್ನು ಬಿಸಾಡಬಾರದು ಎನ್ನುವುದು ಇದೇ ಕಾರಣಕ್ಕೆ.

ಬಿಪಿಯಲ್ಲೂ ಹೀಗೊಂದು ಮೋಸ ಇದೆ. 100/80 ಎಂದರೆ ‘ಬಿಪಿ ನಾರ್ಮಲ್’ ಅನ್ನಿಸುತ್ತದೆ, ಅಲ್ವಾ? ಆದರೆ ಮೇಲಿನ, ಕೆಳಗಿನ ಅಂಕಿಗಳ ನಡುವಿನ ಅಂತರ 20ಕ್ಕೆ ಕುಗ್ಗಿದೆ. ಡೆಂಗಿಯಲ್ಲಿ ಇದು ಶಾಕ್‌ನ ಗುರುತು. ಕೈಕಾಲು ತಣ್ಣಗಾಗಿ, ನಾಲ್ಕಾರು ಗಂಟೆಯಿಂದ ಮೂತ್ರ ಆಗಿಲ್ಲದಿದ್ದರೆ ಪ್ಲೇಟ್‌ಲೆಟ್ 90,000 ಇದ್ದರೂ ಆ ರೋಗಿ ಅಪಾಯದಲ್ಲಿದ್ದಾರೆ. ಇನ್ನೊಬ್ಬರಿಗೆ 25,000 ಇದೆ, ಆದರೆ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾರೆ, ಮೂತ್ರ ಸರಿಯಾಗಿ ಆಗುತ್ತಿದೆ. ಇವರ ಸ್ಥಿತಿಯೇ ಉತ್ತಮ. ವಾಟ್ಸ್ಯಾಪ್ ಸಂದೇಶ ಮಾತ್ರ ಇವರ ಹೆಸರಿನಲ್ಲೇ ಹೊರಡುತ್ತದೆ.

ಸಂಖ್ಯೆಯೇ ತಪ್ಪಾಗಿರುವ ಸಾಧ್ಯತೆಯೂ ಇದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ರಾಸಾಯನಿಕಕ್ಕೆ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಅಂಟಿಕೊಳ್ಳುತ್ತವೆ. ಮಷೀನು ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಿಜ ತಿಳಿಯುತ್ತದೆ.

ಹಾಕಬೇಕು ಎನ್ನುವವರು, ಬೇಡ ಎನ್ನುವವರು

ಬೇಡ ಎನ್ನುವವರ ಕೈಯಲ್ಲಿ ಗಟ್ಟಿ ಆಧಾರ ಇದೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ 372 ವಯಸ್ಕರ ಮೇಲೆ ನಡೆದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎಲ್ಲರಿಗೂ ಡೆಂಗಿ, ಎಲ್ಲರ ಪ್ಲೇಟ್‌ಲೆಟ್ 20,000 ಅಥವಾ ಅದಕ್ಕಿಂತ ಕಡಿಮೆ. ಒಂದು ಗುಂಪಿಗೆ ಪ್ಲೇಟ್‌ಲೆಟ್ ಹಾಕಿದರು, ಇನ್ನೊಂದಕ್ಕೆ ಮಾಮೂಲಿ ಆರೈಕೆ ಮಾತ್ರ. ರಕ್ತಸ್ರಾವ ಕಂಡದ್ದು ಹಾಕಿದವರಲ್ಲಿ 21%, ಹಾಕದವರಲ್ಲಿ 26%. ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಆದರೆ ಅಡ್ಡಪರಿಣಾಮ ಹಾಕಿದ ಗುಂಪಿನಲ್ಲಿ 13, ಹಾಕದ ಗುಂಪಿನಲ್ಲಿ 2. ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಕೂಡ ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಇಳಿದಾಗ ಮಾತ್ರ ಮುಂಜಾಗ್ರತೆಗಾಗಿ ಹಾಕುವ ಮಾತು ಹೇಳುತ್ತದೆ. ರಕ್ತಸ್ರಾವ ಆಗುತ್ತಿದ್ದರೆ ಲೆಕ್ಕ ಬೇರೆ, ಆಗ ಯಾರ ತಕರಾರೂ ಇಲ್ಲ.

ಹಾಕುವವರ ಕಡೆಯಿಂದಲೂ ನೋಡಬೇಕು. ಹತ್ತು ಹಾಸಿಗೆಯ ಆಸ್ಪತ್ರೆ, ರಾತ್ರಿ ಡ್ಯೂಟಿಯಲ್ಲಿ ಒಬ್ಬರೇ ವೈದ್ಯರು, ಹೊರಗೆ ಇಪ್ಪತ್ತು ಜನ ಸಂಬಂಧಿಕರು. ಪ್ಲೇಟ್‌ಲೆಟ್ 18,000. ಹಾಕದೆ ಏನಾದರೂ ಹೆಚ್ಚುಕಡಿಮೆ ಆದರೆ ‘ಪ್ಲೇಟ್‌ಲೆಟ್ ಹಾಕದೆ ಕೊಂದರು’ ಎಂಬ ಮಾತು ಬರುತ್ತದೆ. ಹಾಕಿ ಹೆಚ್ಚುಕಡಿಮೆ ಆದರೆ ‘ಪಾಪ, ಎಲ್ಲಾ ಪ್ರಯತ್ನ ಮಾಡಿದರು’. ಈ ಲೆಕ್ಕದಲ್ಲಿ ವೈದ್ಯರು ಯಾವ ಕಡೆ ವಾಲುತ್ತಾರೆ ಎಂದು ಹೇಳಬೇಕಿಲ್ಲ. ಬಿಲ್ಲು ಬೆಳೆಸುವ ಆಸೆಯೂ ಕೆಲವು ಕಡೆ ಇರಬಹುದು. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ಭಯದ ಪಾಲು ಕಾಣದೆ ಹೋಗುತ್ತದೆ.

ಹಾಕಿದರೂ ಸಿಗುವುದೆಷ್ಟು? ಒಬ್ಬರು ಕೊಟ್ಟ ರಕ್ತದಿಂದ ಬೇರ್ಪಡಿಸಿದ ಒಂದು ಸಣ್ಣ ಚೀಲ ಸಹಜವಾಗಿ 5,000ದಿಂದ 10,000 ಏರಿಸುತ್ತದೆ. ದಾನಿಯನ್ನು ಮಷೀನಿಗೆ ಕೂರಿಸಿ ಪ್ಲೇಟ್‌ಲೆಟ್ ಮಾತ್ರ ತೆಗೆದ ದೊಡ್ಡ ಚೀಲ, ಅಂದರೆ ಎಸ್‌ಡಿಪಿ, 30,000ದಿಂದ 60,000. ಅದಕ್ಕೆ ಸಾವಿರಾರು ರೂಪಾಯಿ ಬೇಕು. ಡೆಂಗಿ ರೋಗಿಯಲ್ಲಿ ಈ ಏರಿಕೆ ಕೂಡ ಬಹಳ ಸಲ ಮರುದಿನಕ್ಕೆ ಕರಗಿರುತ್ತದೆ.

ರಕ್ತನಿಧಿಯ ಕಡೆಯ ಕಷ್ಟ ಇನ್ನೊಂದು. ಕೆಂಪು ರಕ್ತವನ್ನು ಫ್ರಿಜ್ಜಿನಲ್ಲಿ ವಾರಗಟ್ಟಲೆ ಇಡಬಹುದು. ಪ್ಲೇಟ್‌ಲೆಟ್ ಹಾಗಲ್ಲ. 20ರಿಂದ 24 ಡಿಗ್ರಿಯಲ್ಲಿ, ಹಗಲೂ ರಾತ್ರಿ ಮೆಲ್ಲಗೆ ತೂಗುವ ತಟ್ಟೆಗಳ ಮೇಲೆ, ತೊಟ್ಟಿಲ ಕೂಸಿನಂತೆ ಇಡಬೇಕು. ಚೀಲದೊಳಗಿನ ದ್ರವ ತಿಳಿ ಹಳದಿ. ಬೆಳಕಿಗೆ ಹಿಡಿದು ಅಲುಗಿಸಿದರೆ ಒಳಗೆ ಹೊಗೆ ಸುತ್ತಿದಂತೆ ಮಿನುಗುವ ಸುಳಿ ಕಾಣಬೇಕು. ಸುಳಿ ಕಾಣದಿದ್ದರೆ ಪ್ಲೇಟ್‌ಲೆಟ್ ತಟ್ಟೆಯ ಆಕಾರ ಕಳೆದುಕೊಂಡಿದೆ ಎಂದರ್ಥ. ಇಷ್ಟೆಲ್ಲ ಮಾಡಿದರೂ ಆಯಸ್ಸು ಐದೇ ದಿನ. ಹೀಗಾಗಿ ಮಳೆಗಾಲದಲ್ಲಿ ಡೆಂಗಿ ಹೆದರಿಕೆಗೆ ಚೀಲಗಳು ಖಾಲಿಯಾದರೆ, ನಿಜವಾಗಿ ಬೇಕಾದವರಿಗೆ ಸಿಗುವುದಿಲ್ಲ. ರಕ್ತದ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವ ಮಗುವಿನ ಮಜ್ಜೆ ವಾರಗಟ್ಟಲೆ ಪ್ಲೇಟ್‌ಲೆಟ್ ತಯಾರಿಸುವುದಿಲ್ಲ. ಆ ಮಗುವಿಗೆ ಎಂಟನೇ ದಿನಕ್ಕೆ ತಾನಾಗಿ ಏರುವ ಭಾಗ್ಯ ಇಲ್ಲ.

ನೀರು ಹಾಕುವುದೂ ಲೆಕ್ಕದ ಕೆಲಸ

ಡೆಂಗಿಗೆ ವೈರಸ್ ಕೊಲ್ಲುವ ಮದ್ದು ಇನ್ನೂ ಬಂದಿಲ್ಲ. ಚಿಕಿತ್ಸೆ ಎಂದರೆ ದ್ರವ. ಬಾಯಲ್ಲಿ ಹೋದರೆ ಓಆರ್‌ಎಸ್, ಗಂಜಿ, ಮಜ್ಜಿಗೆ, ಎಳನೀರು. ಹೋಗದಿದ್ದರೆ ಸಲೈನು. ಆದರೆ ‘ಇನ್ನೊಂದು ಬಾಟ್ಲಿ ಹಚ್ಚಿಬಿಡ್ರಿ’ ಎನ್ನುವಂಥದ್ದಲ್ಲ. ಒಂದೆರಡು ದಿನದ ನಂತರ ಬಸಿಯುವಿಕೆ ನಿಂತು, ಹೊರಗೆ ಹೋದ ನೀರೆಲ್ಲ ರಕ್ತನಾಳಕ್ಕೆ ವಾಪಸ್ ಬರುತ್ತದೆ. ಆ ಹೊತ್ತಿಗೂ ಸಲೈನು, ಮೇಲೆ ಪ್ಲೇಟ್‌ಲೆಟ್ ಚೀಲ ಹರಿಯುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಕಾಲುವೆ ನೀರು ಅತಿಯಾಗಿ ಹರಿಸಿ ಭೂಮಿ ಜವಳಾದ ಕಥೆ ಗಂಗಾವತಿ, ಸಿಂಧನೂರು ಕಡೆಯವರಿಗೆ ಹೊಸದಲ್ಲ.

ಮೈಕೈ ನೋವಿಗೆ ಹಳ್ಳಿಗಳಲ್ಲಿ ಸೂಜಿ ಮಾಡಿಸಿಕೊಳ್ಳುವ ಅಭ್ಯಾಸ ಇನ್ನೊಂದು ತೊಡಕು. ಡೈಕ್ಲೊಫಿನಾಕ್, ಐಬುಪ್ರೊಫೇನ್, ಆಸ್ಪಿರಿನ್ ಮೂರೂ ಪ್ಲೇಟ್‌ಲೆಟ್‌ನ ಕೆಲಸಕ್ಕೇ ಅಡ್ಡಿ ಮಾಡುತ್ತವೆ, ಹೊಟ್ಟೆಯೊಳಗೆ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಸಂಖ್ಯೆಗಾಗಿ ಪಪ್ಪಾಯಿ ಎಲೆ ಅರೆದು ಕುಡಿಸುವವರೇ ಈ ಸೂಜಿಯನ್ನೂ ಹಾಕಿಸಿರುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಅಳತೆ ಮೀರದಂತೆ.

ಪಪ್ಪಾಯಿ ಎಲೆಗೆ ಸಿಕ್ಕ ಕೀರ್ತಿ

ಪಪ್ಪಾಯಿ ಎಲೆಯ ರಸದ ಮೇಲೆ ಅಧ್ಯಯನಗಳು ನಡೆದಿವೆ. ಸಂಖ್ಯೆ ಸ್ವಲ್ಪ ಬೇಗ ಏರುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಶಾಕ್ ಅಥವಾ ಸಾವು ತಪ್ಪುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಹಾಗಾದರೆ ‘ನಮ್ಮ ಮನೆಯಲ್ಲಿ ಕಣ್ಣಾರೆ ನೋಡಿದೆವು’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಐದನೇ ದಿನ ಸಂಖ್ಯೆ ತಳ ಮುಟ್ಟುತ್ತದೆ, ಹೆದರಿ ಎಲೆ ತರುತ್ತಾರೆ. ಎಂಟನೇ ದಿನ ಸಂಖ್ಯೆ ಏರುತ್ತದೆ. ಐದನೇ ದಿನ ಉಪ್ಪಿಟ್ಟು ತಿನ್ನಿಸಿದ್ದರೂ ಏರುತ್ತಿತ್ತು. ಕಹಿ ರಸ ಕುಡಿದು ವಾಂತಿ ಆದರೆ ಮಾತ್ರ ತೊಂದರೆ: ಇರುವ ನೀರೂ ಹೋಗುತ್ತದೆ, ವಾಂತಿ ರೋಗದ್ದೋ ರಸದ್ದೋ ತಿಳಿಯದೆ ಎಚ್ಚರಿಕೆಯ ಲಕ್ಷಣವೇ ಮುಚ್ಚಿಹೋಗುತ್ತದೆ. ಆಡಿನ ಹಾಲನ್ನು ಹಸಿಯಾಗಿ ಕುಡಿಸಿದರೆ ಬ್ರುಸೆಲ್ಲಾ ಎಂಬ ಇನ್ನೊಂದು ಸೋಂಕಿನ ಅಪಾಯ. ಕಾಯಿಸಿ ಕೊಟ್ಟರೆ ಅದು ಬರಿ ಹಾಲು.

ಕಾರ್ಟೂನು ತೋರಿಸುವುದು, ತೋರಿಸದೆ ಬಿಡುವುದು

ಈಗಿನ ಮಕ್ಕಳಿಗೆ ಪ್ಲೇಟ್‌ಲೆಟ್ ಪರಿಚಯ ಆಗುವುದು ಪಾಠದಲ್ಲಲ್ಲ, ಮೊಬೈಲಿನಲ್ಲಿ. 2018ರಲ್ಲಿ ಟಿವಿಗೆ ಬಂದ ಜಪಾನಿನ ‘ಸೆಲ್ಸ್ ಅಟ್ ವರ್ಕ್’ ಅನಿಮೇಷನ್ ಸರಣಿಯಲ್ಲಿ ಪ್ಲೇಟ್‌ಲೆಟ್‌ಗಳು ನೀಲಿ ಅಂಗಿ, ಟೋಪಿ ತೊಟ್ಟ ಪುಟಾಣಿ ಮಕ್ಕಳು. ಎಲ್ಲ ಕೋಶಗಳಿಗಿಂತ ಚಿಕ್ಕವು ಎಂಬ ನಿಜವನ್ನು ಒಂದೇ ನೋಟಕ್ಕೆ ಹೇಳಿದ ಜಾಣತನ ಅದು. ಗಾಯದ ಬಾಯಿಗೆ ಬಲೆ ಎಳೆದು ಕಟ್ಟುವ ಕೆಲಸವನ್ನೂ ಅವೇ ಮಾಡುತ್ತವೆ. ಒಮ್ಮೆ ನೋಡಿದ ಮಗು ರಕ್ತ ಹೆಪ್ಪುಗಟ್ಟುವುದನ್ನು ಮರೆಯುವುದಿಲ್ಲ.

ತೊಡಕು ಬೇರೆ ಕಡೆ. ಕೋಶಗಳನ್ನು ಮನುಷ್ಯರಂತೆ ತೋರಿಸಿದ ಕೂಡಲೇ ನಮ್ಮ ತಲೆ ಅವರನ್ನು ಎಣಿಸಲು ಶುರುಮಾಡುತ್ತದೆ. ಸೈನಿಕರು ಕಡಿಮೆಯಾದರು, ಇನ್ನಷ್ಟು ಸೈನಿಕರನ್ನು ಕಳಿಸಿ. ವಾಟ್ಸ್ಯಾಪಿನಲ್ಲಿ ಓಡಾಡುವ ಸಣ್ಣ ತುಣುಕುಗಳು ಇನ್ನೂ ಒರಟು: ಹಲ್ಲು ಮಸೆಯುವ ವೈರಸ್, ಓಡುವ ಪ್ಲೇಟ್‌ಲೆಟ್, ಪಪ್ಪಾಯಿ ಎಲೆ ಬಂದು ಕಾಪಾಡುವುದು. ದೇಹವೇ ತನ್ನ ಪ್ಲೇಟ್‌ಲೆಟ್ ನುಂಗುತ್ತಿದೆ ಎಂದು ತೋರಿಸಿದರೆ ಖಳನಾಯಕ ಯಾರು ಎಂಬ ಪ್ರಶ್ನೆ ಬರುತ್ತದೆ. ತೂತೇ ಇಲ್ಲದ ಗೋಡೆಯಿಂದ ನೀರು ಬಸಿಯುವುದನ್ನು ಚಿತ್ರಿಸುವುದಂತೂ ಇನ್ನೂ ಕಷ್ಟ, ಅಲ್ಲಿ ಹೊಡೆದಾಟವೇ ಇಲ್ಲ. ಹೊಸ ಮಣ್ಣಿನ ಬಿಂದಿಗೆ ಹೊರಮೈಯಲ್ಲಿ ಬೆವರುವುದನ್ನು ತೋರಿಸಿ ಕನ್ನಡದಲ್ಲಿ ಒಂದು ನಿಮಿಷದ ತುಣುಕು ಮಾಡಿದರೆ ಆ ಕೆಲಸ ಆದೀತು.

ಒಣ ನಾಡಿನಲ್ಲಿ ಡೆಂಗಿ ಯಾಕೆ?

ಕಾಲುವೆ, ಗದ್ದೆ ಇರುವ ಊರು, ಸೊಳ್ಳೆ ಇದ್ದೇ ಇರುತ್ತದೆ ಎಂದು ಗದ್ದೆಯನ್ನು ದೂರುವವರಿದ್ದಾರೆ. ಗದ್ದೆಯಲ್ಲಿ ಹುಟ್ಟುವ ಸೊಳ್ಳೆಯೇ ಬೇರೆ, ಅದು ತರುವ ಮಿದುಳು ಜ್ವರವೇ ಬೇರೆ. ಡೆಂಗಿಯ ಈಡಿಸ್ ಸೊಳ್ಳೆಗೆ ಮನೆಯ ತಿಳಿ ನೀರೇ ಬೇಕು. ನಳದಲ್ಲಿ ಕೆಲವು ದಿನಕ್ಕೊಮ್ಮೆ ನೀರು ಬಿಡುವ ಬಡಾವಣೆಗಳಲ್ಲಿ ಡ್ರಮ್ಮು, ತೊಟ್ಟಿ, ಸಂಪು ತುಂಬಿಡದೆ ಜನರಿಗೆ ಗತಿಯಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಖಾಲಿ ಮಾಡಿದ ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು, ಒಳಮೈ ತಿಕ್ಕಬೇಕು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಡೆಂಗಿ ಪತ್ತೆಯ ಎಲಿಸಾ ರಕ್ತಪರೀಕ್ಷೆಗೆ 300, ಕಾರ್ಡ್ ಟೆಸ್ಟಿಗೆ 250 ರೂಪಾಯಿ ಮಿತಿ ಹಾಕಿದ್ದೂ ಅದೇ ವರ್ಷ. ದರದ ಮಿತಿ ಒಳ್ಳೆಯ ಕೆಲಸ. ದಂಡದ ವಿಷಯದಲ್ಲಿ ಮಾತ್ರ ಅನುಮಾನ ಉಳಿಯುತ್ತದೆ. ದಿನಾ ನೀರು ಕೊಡದೆ, ತುಂಬಿಟ್ಟ ನೀರಿಗೆ ದಂಡ ಹಾಕುವುದು ಯಾವ ನ್ಯಾಯ? ಮುಚ್ಚಳ ಇರುವ ಡ್ರಮ್ಮು ಕೊಡುವುದು ಅದಕ್ಕಿಂತ ಅಗ್ಗ.

ರೆಫರ್ ಮಾಡುವಾಗ

ಪ್ಲೇಟ್‌ಲೆಟ್ ಸಂಖ್ಯೆಗೆ ಕೊಟ್ಟ ಅತಿ ಮಹತ್ವದ ದೊಡ್ಡ ಪರಿಣಾಮ ಕಾಣುವುದು ರಸ್ತೆಯ ಮೇಲೆ. ನಲವತ್ತು ಸಾವಿರ ಕಂಡ ಕೂಡಲೇ ಗಾಡಿ ಮಾಡಿಕೊಂಡು ಬಳ್ಳಾರಿಯಿಂದ ಬೆಂಗಳೂರಿಗೆ, ರಾಯಚೂರಿನಿಂದ ಹೈದರಾಬಾದಿಗೆ, ಕೊಪ್ಪಳದಿಂದ ಹುಬ್ಬಳ್ಳಿಗೆ ಹೊರಡುತ್ತಾರೆ. ಬೆಂಗಳೂರು 300 ಕಿಲೋಮೀಟರ್ ದೂರ. ಅಷ್ಟು ಹೊತ್ತು ದಾರಿಯಲ್ಲಿ ಬಿಪಿ ನೋಡುವವರಿಲ್ಲ, ಮೂತ್ರ ಆಯಿತೇ ಎಂದು ಕೇಳುವವರಿಲ್ಲ. ಕಷ್ಟದ 24 ಗಂಟೆಯಲ್ಲಿ ಆರು ಗಂಟೆ ಕಾರಿನ ಹಿಂದಿನ ಸೀಟಿನಲ್ಲೇ ಕಳೆಯುತ್ತದೆ. ಪಿಸಿವಿ ನೋಡಿ, ದ್ರವ ಅಳೆದು ಕೊಡುವ ಕೆಲಸವನ್ನು ಮೂರೂ ಜಿಲ್ಲಾ ಕೇಂದ್ರಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೇ ಮಾಡಬಹುದು. ಅದಕ್ಕೆ ಬೇಕಾದದ್ದು ಎಸ್‌ಡಿಪಿ ಮಷೀನಲ್ಲ, ಗಂಟೆಗೊಮ್ಮೆ ಹಾಸಿಗೆಯ ಹತ್ತಿರ ಬರುವ ನರ್ಸು.

ಕಳಿಸಲೇಬೇಕಾದರೆ ಚೀಟಿಯಲ್ಲಿ ನಾಲ್ಕು ವಿಷಯ ಇರಬೇಕು: ಜ್ವರ ಬಿಟ್ಟದ್ದು ಯಾವಾಗ, ಮೊದಲ ಪಿಸಿವಿ ಎಷ್ಟು ಈಗಿನದೆಷ್ಟು, ಕೊನೆಯ ಸಲ ಮೂತ್ರ ಆದದ್ದು ಎಷ್ಟು ಹೊತ್ತಿಗೆ, ಇದುವರೆಗೆ ಕೊಟ್ಟ ದ್ರವ ಎಷ್ಟು. ಪ್ಲೇಟ್‌ಲೆಟ್ ಐದನೇ ಸಾಲಿನಲ್ಲಿ ಬರಲಿ.